ಚಿತ್ರದೊಳಗಿನ ವಿಳಾಸ

ದಾನಕ್ಕೆ ಅರಿವು ಬೇಕು. ಏನನ್ನು ಕೊಡುತ್ತಿದ್ದೇವೆಂದು ತಿಳಿಯದೆ ಕೊಟ್ಟದ್ದು ದಾನವೆನಿಸದು; ತನ್ನದಲ್ಲದ್ದನ್ನು ಕೊಟ್ಟರಂತೂ ಅದು ಅಪಹಾರಕ್ಕೆ ಸಮೀಪವಾದುದು. ಮೊಬೈಲಿನಲ್ಲಿ ತೆಗೆದ ಚಿತ್ರವೊಂದನ್ನು ಪರರಿಗೆ ಕಳುಹಿಸುವ ಸರಳ ಕ್ರಿಯೆಯಲ್ಲಿ ಈ ಎರಡು ಪ್ರಶ್ನೆಗಳೂ ಅಡಗಿವೆ.

ಇಂದಿನ ಛಾಯಾಚಿತ್ರದಲ್ಲಿ ಕಣ್ಣಿಗೆ ಕಾಣುವುದಷ್ಟೇ ಇರುವುದಿಲ್ಲ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಕ್ರಮದಂತೆ, ಚಿತ್ರ ತೆಗೆದ ದಿನ, ವೇಳೆ, ಕ್ಯಾಮೆರಾದ ವಿವರಗಳು ಚಿತ್ರದ ಕಡತದೊಳಗೇ ದಾಖಲಾಗುತ್ತವೆ. ಸ್ಥಳವನ್ನು ಗುರುತಿಸಲು ಕ್ಯಾಮೆರಾಕ್ಕೆ ಅನುಮತಿ ಇದ್ದರೆ ಅಕ್ಷಾಂಶ ರೇಖಾಂಶಗಳೂ ಸೇರುತ್ತವೆ. ಅಕ್ಷಾಂಶದ ಒಂದು ಸೆಕೆಂಡ್ ಎಂದರೆ ನೆಲದ ಮೇಲೆ ಸುಮಾರು 30 ಮೀಟರ್. ದಾಖಲೆ ಅದಕ್ಕಿಂತಲೂ ಸೂಕ್ಷ್ಮವಾಗಿರಬಲ್ಲದು. ಊರು ಮಾತ್ರವಲ್ಲ, ಮನೆಯೇ ಪತ್ತೆಯಾಗುತ್ತದೆ.

ದಾಖಲೆಯೇ ಕೆಟ್ಟದ್ದೆಂದಲ್ಲ. ಗಡಿಗ್ರಾಮದ ಹೊಲದಲ್ಲಿ ಬಿದ್ದಿರುವ ವೀರಗಲ್ಲಿನ ಚಿತ್ರಕ್ಕೆ ಸ್ಥಳದ ಗುರುತಿದ್ದರೆ ಸಂಶೋಧಕನಿಗೆ ಅದು ಉಪಕಾರವೇ. ಆದರೆ ಕಲ್ಲಿಗೆ ಒಪ್ಪುವುದು ಜೀವಕ್ಕೆ ಒಪ್ಪಬೇಕೆಂದಿಲ್ಲ. ಪಶ್ಚಿಮಘಟ್ಟದ ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯನ್ನು ಹೊಕ್ಕು, ಬಾಯನ್ನು ಮೆತ್ತಿ ಮುಚ್ಚಿ, ಗಂಡು ತರುವ ಆಹಾರಕ್ಕೆಂದು ಕಿರಿದಾದ ಸೀಳನ್ನಷ್ಟೇ ಉಳಿಸುತ್ತದೆ. ಗೂಡಿನ ಚಿತ್ರವನ್ನು ಸ್ಥಳಸಹಿತ ಹಂಚಿದವನು ಆ ಹಕ್ಕಿ ಮುಚ್ಚಿದ ಬಾಗಿಲನ್ನು ತೆರೆದಂತೆಯೇ.

"ಮುಚ್ಚಿಡುವಂಥದ್ದು ನನ್ನಲ್ಲೇನಿದೆ?" ಎನ್ನುವವರುಂಟು. ಆ ಮಾತು ಅವರ ಮಟ್ಟಿಗೆ ಸಲ್ಲಬಹುದು. ಆದರೆ ಮದುವೆಯ ಮನೆಯ ಚಿತ್ರದಲ್ಲಿ ಗಂಡನ ಹಿಂಸೆ ತಾಳಲಾರದೆ ಸೋದರಮಾವನ ಆಸರೆಗೆ ಬಂದ ಹೆಣ್ಣುಮಗಳೂ ನಿಂತಿರಬಹುದು. ಅವಳ ಪರವಾಗಿ ಹಾಗೆನ್ನಲು ಯಾರಿಗೆ ಅಧಿಕಾರ? 2012ರ ಡಿಸೆಂಬರಿನಲ್ಲಿ ಬೆಲೀಜ್ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿರುವುದು ಬಯಲಾದದ್ದು, ಜೊತೆಗಿದ್ದ ಪತ್ರಕರ್ತರು ಪ್ರಕಟಿಸಿದ ಚಿತ್ರದೊಳಗಿನ ಈ ಅಂಕೆಗಳಿಂದ. ಆತನ ನಡತೆಯ ವಿಚಾರ ಬೇರೆ. ಕಂಪ್ಯೂಟರುಗಳ ರಕ್ಷಣೆಯನ್ನೇ ಉದ್ಯಮವಾಗಿಸಿಕೊಂಡಿದ್ದವನ ಎಚ್ಚರವೂ ಮತ್ತೊಬ್ಬರ ಅನವಧಾನದ ಮುಂದೆ ನಿಲ್ಲಲಿಲ್ಲವೆಂಬುದು ಗಮನಾರ್ಹ.

ಕಾನೂನು ಕಾಯುವುದಿಲ್ಲವೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಹೊರಟ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ವ್ಯಕ್ತಿಯೊಬ್ಬ ಸ್ವಂತಕ್ಕೆ ಅಥವಾ ಮನೆವಾರ್ತೆಗೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಅದು ಉಚಿತವೇ, ಮನೆಯ ಆಲ್ಬಮ್ಮಿಗೆಲ್ಲ ಸರಕಾರ ಕೈಯಿಡುವುದು ಸಲ್ಲದು. ಹಾಗಾಗಿ ನಂಟರಿಷ್ಟರ ನಡುವೆ ಚಿತ್ರ ಹಂಚುವಾಗ ಉಳಿಯುವ ಕಾವಲು ನಮ್ಮ ವಿವೇಕವೊಂದೇ.

ಆ ವಿವೇಕ ದುಬಾರಿಯದಲ್ಲ. ಕ್ಯಾಮೆರಾಕ್ಕೆ ಕೊಟ್ಟ ಸ್ಥಳದ ಅನುಮತಿಯನ್ನು ಹಿಂಪಡೆಯಬಹುದು. ಕಳುಹಿಸುವ ಮೊದಲು ಆ ವಿವರವನ್ನು ಅಳಿಸಬಹುದು. ಅದಕ್ಕೂ ಮುಂಚೆ ಚಿತ್ರದಲ್ಲಿರುವವರನ್ನು ಒಂದು ಮಾತು ಕೇಳಬಹುದು. ಮನೆಗೆ ಬಂದ ಅತಿಥಿಯ ಗುಟ್ಟನ್ನು ಬೀದಿಯಲ್ಲಿ ಆಡದಿರುವುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಮರ್ಯಾದೆ. ಚಿತ್ರವೂ ಮಾತನಾಡಬಲ್ಲ ಈ ಕಾಲದಲ್ಲಿ, ನಮ್ಮ ಪರವಾಗಿ ಅದು ಏನನ್ನು ಆಡುತ್ತಿದೆಯೆಂದು ತಿಳಿದಿರುವುದೂ ಅದೇ ಮರ್ಯಾದೆಯ ಭಾಗ.