ನೆಲ ಡೊಂಕೇ ಹೌದು

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಚನ್ನಪಟ್ಟಣದ ಕಡೆ ಈ ಗಾದೆಯನ್ನು ಪೂರ್ತಿ ಹೇಳುವವರು ಕಡಿಮೆ. ‘ಕುಣಿಯಲಾರ್ದೋಳು...’ ಎಂದು ಎಳೆದು ಬಿಟ್ಟರೆ ಸಾಕು, ಎದುರಿಗಿದ್ದವನು ತಲೆ ತಗ್ಗಿಸುತ್ತಾನೆ. ಬೈಕಿನಿಂದ ಬಿದ್ದು ಮೊಣಕೈ ತರಚಿಕೊಂಡು ಬಂದ ಹುಡುಗ ‘ರೋಡೇ ಸರಿಯಿಲ್ಲ’ ಎಂದರೆ ಹೊಂಗನೂರಿನ ಅಜ್ಜಿಯರ ಬಾಯಲ್ಲಿ ಬರುವ ಮಾತು ಇದೇ.

ನೆಪ ಹೇಳುವವರನ್ನು ಹಂಗಿಸಲು ಈ ಗಾದೆಯನ್ನು ಬಳಸುತ್ತೇವೆ. ಆದರೆ ನೆಲ ಮಟ್ಟಸವಾಗಿತ್ತು ಎಂದು ಗಾದೆ ಎಲ್ಲೂ ಹೇಳುವುದಿಲ್ಲ. ಅವಳು ಸುಳ್ಳು ಹೇಳಿದಳು ಎಂದೂ ಹೇಳುವುದಿಲ್ಲ. ಸಗಣಿ ಸಾರಿಸಿದ ಹಳ್ಳಿಯ ಅಂಗಳ ಡೊಂಕಾಗಿಯೇ ಇದ್ದೀತು. ಅದೇ ಅಂಗಳದಲ್ಲಿ ಅವಳಿಗೂ ಮುಂಚೆ ಬೇರೆಯವರು ಕುಣಿದು ಹೋಗಿರಬೇಕು. ಇಲ್ಲದಿದ್ದರೆ ಅವಳ ಮಾತು ದೂರಾಗಿ ಉಳಿಯುತ್ತಿತ್ತೇ ಹೊರತು ಗಾದೆಯಾಗುತ್ತಿರಲಿಲ್ಲ. ನೆರೆಯ ತೆಲುಗಿನವರು ಇಂಥದೇ ಗಾದೆಯಲ್ಲಿ ತಪ್ಪನ್ನು ಮದ್ದಳೆಯ ಮೇಲೆ ಹಾಕುತ್ತಾರೆ. ಬೈಕಿನವರಿಗೆ ಎರಡೂ ಒದಗುತ್ತವೆ. ಬಿದ್ದಾಗ ಒಮ್ಮೆ ರಸ್ತೆಯದು ತಪ್ಪು, ಇನ್ನೊಮ್ಮೆ ಬ್ರೇಕಿನದು.

ಮೊದಲು ನೆಲದ ಮಾತು. ಈ ಸೀಮೆಯಲ್ಲಿ ಬೈಕು ಓಡಿಸುವವನಿಗೆ ಸಿಗುವ ನೆಲ ಎಂಥದು? ತೋಟದಿಂದ ಹಸಿಮಣ್ಣು ಮೆತ್ತಿಕೊಂಡು ಡಾಂಬರು ಹತ್ತಿದ ಟ್ರ್ಯಾಕ್ಟರ್ ಚಕ್ರದ ಗುರುತು, ತಿರುವಿನ ಅಂಚಿಗೆ ಬಂದು ಸೇರಿದ ಜಲ್ಲಿಪುಡಿ, ಪೈಪು ಹಾಕಲು ಅಗೆದು ಮಣ್ಣು ಮುಚ್ಚಿ ಬಿಟ್ಟ ಅಡ್ಡಗಾಲುವೆ, ಊರವರೇ ರಾತ್ರೋರಾತ್ರಿ ಹಾಕಿಕೊಂಡ, ಬಿಳಿ ಬಣ್ಣ ಕಾಣದ ಹಂಪ್ಸ್. ಮೊದಲ ಮಳೆ ಬಿದ್ದಾಗ ಡಾಂಬರಿನ ಮೇಲೆ ಕೂತಿದ್ದ ಎಣ್ಣೆಯೂ ಧೂಳೂ ಕಲಸಿಕೊಂಡು ಸ್ವಲ್ಪ ಹೊತ್ತು ವಿಪರೀತ ಜಾರುತ್ತದೆ. ಬೆಂಗಳೂರು–ಮೈಸೂರು ದಶಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಮಟ್ಟಸವಾದ ನೆಲ ಕಾರಿನವರ ಪಾಲಾಯಿತು, ಬೈಕಿನವರಿಗೆ ಹಳೇ ರಸ್ತೆ ಮತ್ತು ಸರ್ವಿಸ್ ರಸ್ತೆ ಉಳಿದವು. ಜೀವ ಉಳಿಸಲೆಂದೇ ಮಾಡಿದ ನಿರ್ಧಾರ ಅದು, ಒಪ್ಪುತ್ತೇನೆ. ಆದರೆ ಡೊಂಕು ನೆಲವೇ ನಮ್ಮ ಪಾಲಿಗೆ ಖಾಯಂ ಆಯಿತು ಎನ್ನುವುದೂ ನಿಜ.

ಎಲ್ಲಕ್ಕಿಂತ ದೊಡ್ಡ ಡೊಂಕು ಸುಗ್ಗಿಯದು. ರಾಗಿ, ಹುರುಳಿ ಕೊಯ್ದ ಮೇಲೆ ಕಣ ಮಾಡುವ ಬದಲು ಬೆಳೆಯನ್ನು ಟಾರು ರಸ್ತೆಗೆ ಹರಡುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮುಗಿಸುತ್ತವೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಅಡಿಯಲ್ಲಿ ಉದುರಿದ ಕಾಳು ಟೈರಿನ ಕೆಳಗೆ ಉರುಳುತ್ತದೆ.

ಅಂಥದೊಂದು ಹಾಸನ್ನು ಎರಡು ಗಾಡಿಗಳು ದಾಟಿದ್ದನ್ನು ನೋಡಿದ್ದೇನೆ. ಮೊದಲನೆಯದು ಟಿವಿಎಸ್ ಎಕ್ಸೆಲ್. ಓಡಿಸುತ್ತಿದ್ದವರಿಗೆ ಅರವತ್ತರ ಆಸುಪಾಸು. ಮುಂದೆ ಕಾಲಿಡುವ ಜಾಗದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಿಂದೆ ಇನ್ನೊಂದು. ಹಾಸು ಇಪ್ಪತ್ತು ಮಾರು ದೂರವಿರುವಾಗಲೇ ಎಂಜಿನ್ನಿನ ಸದ್ದು ಇಳಿಯಿತು. ಹಾಸಿನ ಮೇಲೆ ಹತ್ತುವಾಗ ಗಾಡಿ ನೆಟ್ಟಗಿತ್ತು, ತೋಳು ಸಡಿಲವಾಗಿತ್ತು, ಬ್ರೇಕಿನ ಮೇಲೆ ಬೆರಳಿರಲಿಲ್ಲ, ಕಣ್ಣು ಹಾಸಿನ ಆಚೆ ತುದಿಯಲ್ಲಿತ್ತು. ಸೊಪ್ಪಿನ ಒಂದೆಲೆಯೂ ಬೀಳಲಿಲ್ಲ. ಹಿಂದೆಯೇ ಬಂದದ್ದು ಬೆಂಗಳೂರಿನಿಂದ ಭಾನುವಾರದ ಸವಾರಿಗೆ ಹೊರಟಿದ್ದ ದೊಡ್ಡ ಬೈಕು. ಒಳ್ಳೆಯ ಜಾಕೆಟ್, ಮಂಡಿಗೆ ಗಾರ್ಡು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ಹಾಸಿನ ನಡುವಿಗೆ ಬಂದ ಮೇಲೆ ಆ ಯುವಕ ಗಾಬರಿಯಾಗಿ ಹ್ಯಾಂಡಲ್ ತಿರುಗಿಸುತ್ತಲೇ ಮುಂದಿನ ಬ್ರೇಕ್ ಹಿಡಿದ. ಬೈಕು ಪಕ್ಕಕ್ಕೆ ಮಲಗಿತು. ಜಾಕೆಟ್ ಇದ್ದುದರಿಂದ ಮೈಗೆ ಏನೂ ಆಗಲಿಲ್ಲ. ಎದ್ದವನೇ, ‘ಯಾರ್ರೀ ಇದನ್ನೆಲ್ಲ ರೋಡಿಗೆ ಹಾಕಿದ್ದು?’ ಎಂದ. ಹಾಕಬಾರದಿತ್ತು, ನ್ಯಾಯವಾದ ಪ್ರಶ್ನೆಯೇ. ಎಕ್ಸೆಲ್ಲಿನವರು ಸ್ಟ್ಯಾಂಡ್ ಹಾಕಿ ಬಂದು, ಬೈಕೆತ್ತಲು ಜೊತೆಯಾಗಿ, ಹೇಳಿದ್ದು ಇಷ್ಟು: ‘ಇದ್ರ ಮ್ಯಾಲೆ ಬ್ರೇಕ್ ಮುಟ್ಬಾರ್ದು ಕಣಪ್ಪ. ಮೊದ್ಲೇ ನಿದಾನ ಮಾಡ್ಕಂಡು ಸುಮ್ಕೆ ಕುಂತ್ಕಂಡ್ರೆ ಅದ್ರ ಪಾಡ್ಗೆ ಅದು ದಾಟ್ಕತದೆ.’

ಟೈರಿನ ವಿಜ್ಞಾನ ಪೂರ್ತಿ ಆ ಮಾತಿನಲ್ಲಿದೆ. ನೆಲದ ಮೇಲೆ ಟೈರಿಗೆ ಸಿಗುವ ಹಿಡಿತಕ್ಕೆ ಒಂದು ಮಿತಿ ಉಂಟು. ನಿಲ್ಲುವುದಕ್ಕೂ ತಿರುಗುವುದಕ್ಕೂ ಅದನ್ನೇ ಹಂಚಿಕೊಳ್ಳಬೇಕು. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಸರಿದು ಮುಂದಿನ ಚಕ್ರ ನೆಲವನ್ನು ಒತ್ತುತ್ತದೆ, ಹಾಗಾಗಿ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದು. ಹುಲ್ಲು, ಕಾಳು, ಮರಳಿನ ಮೇಲೆ ಹಂಚಿಕೊಳ್ಳಲು ಹಿಡಿತವೇ ಇರುವುದಿಲ್ಲ. ಅಲ್ಲಿ ಹ್ಯಾಂಡಲ್ ತಿರುಗಿಸಿ ಬ್ರೇಕನ್ನೂ ಹಿಡಿದರೆ ಚಕ್ರ ಜಾರದೆ ವಿಧಿಯಿಲ್ಲ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಉರುಳುವುದನ್ನು ನಿಲ್ಲಿಸದಂತೆ ಅದು ನೋಡಿಕೊಳ್ಳುತ್ತದೆ, ನೆಲದಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಉಳಿದ ದಾರಿ ಒಂದೇ: ಹಿಡಿತ ಇರುವ ಜಾಗದಲ್ಲೇ, ಹಾಸು ಬರುವ ಮೊದಲೇ, ವೇಗ ಇಳಿಸಿಕೊಳ್ಳುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಬೈಕು ಸುಮಾರು 17 ಮೀಟರ್ ಹೋಗಿಬಿಡುತ್ತದೆ, 100ರಲ್ಲಿ 28 ಮೀಟರ್. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಎಕ್ಸೆಲ್ಲಿನವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ಇಪ್ಪತ್ತು ಮಾರು ಮೊದಲೇ ಅವರ ಕೈ ಸಡಿಲವಾಗಿತ್ತು.

ಇನ್ನು ವೇಷ. ವೇಷವನ್ನು ನಾನು ಹಳಿಯುವುದಿಲ್ಲ. ನಮ್ಮ ಕಡೆ ಬೈಕು ಬರೀ ಗಾಡಿಯಾಗಿ ಎಂದೂ ಇರಲಿಲ್ಲ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾಗಳು, ಆಮೇಲಿನ ಯೆಜ್ಡಿಗಳು ಇದೇ ಮೈಸೂರು ರಸ್ತೆಯಲ್ಲಿ ಓಡಾಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ಡಿಯ ಸದ್ದು ಕೇಳಿದರೆ ಇವತ್ತಿಗೂ ಅಂಗಡಿಯಿಂದ ಹೊರಗೆ ಬಂದು ನೋಡುವವರಿದ್ದಾರೆ. ಅದೇ 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100ಕ್ಕಾಗಿ, ಆಮೇಲೆ ಹುಟ್ಟಿದ ಹುಡುಗರು ಊರೂರು ಸುತ್ತುತ್ತಾರೆ. ಈ ಪ್ರೀತಿ ದೊಡ್ಡದು. ಜಾಕೆಟ್ಟು, ಬೂಟು, ಕೈಗವಸು ಕೂಡ ಒಳ್ಳೆಯದೇ. ಹುರುಳಿ ಹಾಸಿನ ಮೇಲೆ ಬಿದ್ದವನ ಚರ್ಮ ಉಳಿಸಿದ್ದು ಅದೇ ವೇಷ.

ತೊಂದರೆ ಇರುವುದು ಚಿತ್ರದ ನೆಲದಲ್ಲಿ. 1975ರಲ್ಲಿ ತೆರೆಕಂಡ ‘ಶೋಲೆ’ಯ ರಾಮಗಢವನ್ನು ಕಟ್ಟಿದ್ದು ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ. ಸೈಡ್‌ಕಾರ್ ಬೈಕಿನಲ್ಲಿ ಗೆಳೆಯನ ಹೆಗಲೇರಿ ಹಾಡುವ ಆ ಸಿನಿಮಾದ ದೃಶ್ಯ ಎಷ್ಟೋ ಜನರ ಮನಸ್ಸಿನಲ್ಲಿ ಬೈಕ್ ಎಂದರೆ ಏನೆಂಬುದನ್ನು ಅಚ್ಚೊತ್ತಿತು. ಚಿತ್ರ ತೆಗೆಯುವವರು ಮೊದಲು ರಸ್ತೆ ಖಾಲಿ ಮಾಡಿಸುತ್ತಾರೆ. ಎದುರಿಗೆ ಹಾಲಿನ ಕ್ಯಾನು ಬರುವುದಿಲ್ಲ, ಕರು ಅಡ್ಡ ಓಡುವುದಿಲ್ಲ. ಈಗ ಫೋನಿನಲ್ಲಿ ರೀಲ್ಸ್ ಮಾಡುವ ಹುಡುಗನೂ ಹಾಗೆಯೇ ನೆಟ್ಟಗಿನ ರಸ್ತೆ ಹುಡುಕಿಕೊಂಡು ಹೋಗುತ್ತಾನೆ. ವ್ಹೀಲಿಂಗ್ ಮಾಡುವವನಿಗೆ ಸಮತೋಲನ ಇಲ್ಲವೆಂದು ಹೇಳಲಾರೆ. ಆದರೆ ಮುಂದಿನ ಚಕ್ರ ಎತ್ತಿದ ಗಳಿಗೆಯಲ್ಲಿ ಹ್ಯಾಂಡಲ್ಲೂ ಮುಂದಿನ ಬ್ರೇಕೂ ಎರಡೂ ಅವನ ಕೈ ಬಿಟ್ಟಿರುತ್ತವೆ. ಮುಂದಿನ ಐವತ್ತು ಮಾರು ನೆಲ ತಾನು ನೆನೆಸಿದ ಹಾಗೇ ಇರುತ್ತದೆ ಎಂದು ಅವನು ನಂಬಿರುತ್ತಾನೆ. ಆ ನಂಬಿಕೆಯ ಬೆಲೆಯನ್ನು ಎದುರು ಬರುವವರೂ ತೆರಬೇಕಾಗುತ್ತದೆ. 2025ರಲ್ಲಿ ಇಂಥ ಒಂದು ಪ್ರಕರಣದಲ್ಲಿ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈಗಿರುವ ಕಾನೂನು ಸಾಲದು, ಬಿಗಿ ಮಾಡಬೇಕು ಎಂದದ್ದು ಸರಿಯಾಗಿಯೇ ಇದೆ.

ಗಾದೆಯ ವಾದವನ್ನು ಯಾರಾದರೂ ಅಳೆದು ನೋಡಿದ್ದಾರೆಯೇ? ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿತು. ವರದಿ 1981ರಲ್ಲಿ ಬಂತು. ರಸ್ತೆಯ ದೋಷವೇ ಕಾರಣವಾದದ್ದು ನೂರಕ್ಕೆ 2 ಅಪಘಾತಗಳಲ್ಲಿ. ಅಪಘಾತಕ್ಕೆ ಸಿಕ್ಕವರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಆಪತ್ತು ಎದುರಾದಾಗ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿದರು, ಮುಂದಿನದನ್ನು ಸಾಕಷ್ಟು ಹಿಡಿಯಲಿಲ್ಲ. ಲಾಸ್ ಏಂಜಲೀಸ್‌ನ ರಸ್ತೆ ನಮ್ಮ ರಸ್ತೆಯಲ್ಲ, ಆ 2 ಎಂಬ ಅಂಕಿಯನ್ನು ಹೊಂಗನೂರಿಗೆ ಹಾಗೇ ಹೊಂದಿಸಲು ಬಾರದು. 92 ಎಂಬ ಅಂಕಿಯ ಮುಂದೆ ಮಾತ್ರ ನಾವು ನಿಲ್ಲಲೇಬೇಕು. ನಮ್ಮಲ್ಲಿ ಬೈಕು ಕಲಿಯುವುದು ಮಾವನ ಮಗನ ಹಿಂದೆ ಕೂತು, ಕ್ಲಚ್ಚು ಬಿಡುವುದು ತಿಳಿದ ದಿನ ಕಲಿಕೆ ಮುಗಿಯಿತು ಎಂದುಕೊಂಡು.

ಗಾದೆಯಲ್ಲಿರುವುದು ‘ಅವಳು’. ರಸ್ತೆಯ ಮೇಲೆ ಈ ನೆಪ ಹೇಳುವವರು ಬಹುಮಟ್ಟಿಗೆ ‘ಅವನು’. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ಬಾಜಾ ಎಂದರೆ ಮರಳು, ಕಲ್ಲು, ಗುಂಡಿಗಳ ದೂರದ ಓಟ. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. 2021ರ ಡಕಾರ್‌ನಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದು ಅವರಿಗೆ ತೀವ್ರ ಪೆಟ್ಟಾಯಿತು. ಇವರಿಬ್ಬರೂ ಡೊಂಕು ನೆಲವನ್ನು ಹುಡುಕಿಕೊಂಡು ಹೋದವರು. ಕೋಲಾರದ ಕಡೆ ಸಂತೋಷ್ ಕಟ್ಟಿದ ಅಭ್ಯಾಸದ ಮೈದಾನದಲ್ಲಿ ಮಣ್ಣಿನ ದಿಬ್ಬಗಳನ್ನು ಬೇಕೆಂದೇ ಎಬ್ಬಿಸಿದ್ದಾರೆ. ಕಲಿಯುವುದಕ್ಕೆ ಮಟ್ಟಸವಾದ ನೆಲ ಸಾಲದು ಎಂದು ಬಲ್ಲವರು ಮಾಡುವ ಕೆಲಸ ಅದು.

ಎಕ್ಸೆಲ್ಲಿನವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. ಆ ದಿನ ಅವರ ತಲೆಯ ಮೇಲಿದ್ದದ್ದು ಟವಲು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ರೇಷ್ಮೆಗೂಡಿನ ಮೂಟೆ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವ ನಮ್ಮ ರೈತರು, ಡೇರಿಗೆ ಹಾಲು ಹಾಕಿ ಬರುವ ಹೆಂಗಸರು ಆ ಲೆಕ್ಕದ ಆಚೆ ಇಲ್ಲ. ಅವರ ಹದ ಅವರನ್ನು ತಮ್ಮ ತಪ್ಪಿನಿಂದ ಕಾಪಾಡೀತು, ಎದುರಿನ ಲಾರಿಯ ತಪ್ಪಿನಿಂದ ಕಾಪಾಡುವುದಿಲ್ಲ. ಪಟ್ಟಣದ ಹುಡುಗನಿಗೆ ಆ ಹದ ಬೇಕು, ಹಳ್ಳಿಯ ಹಿರಿಯರಿಗೆ ಆ ಹೆಲ್ಮೆಟ್ ಬೇಕು.

ಹದ ಕಲಿಯುವುದು ಹೇಗೆ? ಲೈಸೆನ್ಸಿಗೆ ಹೋದಾಗ ‘ಎಂಟು ಹಾಕಿಸು’ತ್ತಾರಲ್ಲ, ಅದನ್ನು ಕಾಟಾಚಾರ ಎಂದುಕೊಂಡವರೇ ಹೆಚ್ಚು. ಕಾಲು ನೆಲಕ್ಕೆ ಊರದೆ, ನಡಿಗೆಯ ವೇಗದಲ್ಲಿ, ಅರ್ಧ ಕ್ಲಚ್ಚು ಮತ್ತು ಹಿಂದಿನ ಬ್ರೇಕಿನ ನಡುವೆ ಗಾಡಿಯನ್ನು ಹಿಡಿದು ಎಂಟರ ಆಕಾರದಲ್ಲಿ ತಿರುಗಿಸುವುದು ಬೈಕಿನ ವಿದ್ಯೆಯಲ್ಲಿ ಅತಿ ಪ್ರಾಮಾಣಿಕವಾದ ಪರೀಕ್ಷೆ. ಅಲ್ಲಿ ಸೈಲೆನ್ಸರಿನ ಸದ್ದು ಕೆಲಸಕ್ಕೆ ಬರುವುದಿಲ್ಲ. ಚಕ್ರದ ಮುಂದೆಯೇ ಕಣ್ಣು ನೆಟ್ಟವನು ಕಾಲೂರುತ್ತಾನೆ, ಹೋಗಬೇಕಾದ ಕಡೆ ಕುತ್ತಿಗೆ ತಿರುಗಿಸಿದವನು ದಾಟುತ್ತಾನೆ. ಭಾನುವಾರ ಬೆಳಿಗ್ಗೆ ಊರ ಮೈದಾನದಲ್ಲಿ ಅರ್ಧ ಗಂಟೆ ಎಂಟು ಹಾಕಿ, 30ರ ವೇಗದಿಂದ ಎರಡೂ ಬ್ರೇಕು ಸೇರಿಸಿ ಚಕ್ರ ಜಾರದಂತೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿದ ಹುಡುಗ, ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ನೂರರ ವೇಗದಲ್ಲಿ ಹೋಗಿಬಂದವನಿಗಿಂತ ಹೆಚ್ಚು ಕಲಿತಿರುತ್ತಾನೆ.

ಹೀಗೆ ಕಲಿತವನು ಹಿಂತಿರುಗಿ ಬಂದು ನೆಲ ಡೊಂಕು ಎಂದರೆ ಅದನ್ನು ಕೇಳಬೇಕು, ಗಾದೆ ಹೇಳಿ ಬಾಯಿ ಮುಚ್ಚಿಸಬಾರದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ಸ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು, ಮುಂಚೆಯೇ ಸೂಚನಾ ಫಲಕವಿರಬೇಕು. ಟೇಪು ಹಿಡಿದು ತನ್ನೂರ ಹಂಪ್ಸ್ ಅಳೆದು, ಅಂಕಿ ಸಮೇತ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಲು ಆ ಹುಡುಗನಿಗಿಂತ ಯೋಗ್ಯರು ಯಾರಿದ್ದಾರೆ? ಹುರುಳಿಯ ಮಾತೂ ಅಷ್ಟೇ. ರೈತ ರಸ್ತೆಗೆ ಬೆಳೆ ಹಾಕುವುದು ಕಣಕ್ಕೆ ಜಾಗವಿಲ್ಲದೆ, ಆಳು ಸಿಗದೆ. ಉದ್ಯೋಗ ಖಾತ್ರಿಯಲ್ಲಿ ಪಂಚಾಯಿತಿಯಿಂದ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳುವವರಲ್ಲಿ ಬೈಕಿನ ಹುಡುಗರು ಮುಂದಿರಬೇಕು, ರಾಗಿ ಕೊಯ್ಲಿಗೆ ಮುಂಚೆಯೇ.