ಕಾವೇರಿಯಲ್ಲಿ ಮೀನಿನ ಪಾಲು

ಪಿತ್ರಾರ್ಜಿತ ಆಸ್ತಿಯನ್ನು ವಿಭಾಗಿಸುವಾಗ ಮಾತು ಬಾರದ ಶಿಶುವಿಗೂ ಒಬ್ಬ ಪೋಷಕನನ್ನು ನೇಮಿಸಿ ಅದರ ಭಾಗವನ್ನು ತೆಗೆದಿಡುವುದುಂಟು. ನದಿಯನ್ನು ವಿಭಾಗಿಸುವಾಗಲಾದರೋ ವಾದಿಸಬಲ್ಲವರೇ ಭಾಗಸ್ಥರು. ಮನುಷ್ಯನು ಗದ್ದೆ ಮಾಡುವುದಕ್ಕಿಂತ ಬಹು ಮೊದಲೇ ಆ ನೀರಿನಲ್ಲಿ ಬಾಳುತ್ತಿದ್ದ ಜೀವಿಗೆ ಅದರಲ್ಲಿ ಹಕ್ಕುಂಟೇ ಎಂಬುದು ಕಾನೂನಿಗಿಂತ ಧರ್ಮವಿಚಾರಕ್ಕೆ ಹೆಚ್ಚಾಗಿ ಸೇರಿದ ಪ್ರಶ್ನೆ.

ಕಾವೇರಿಯ ಮೀನುಗಳಲ್ಲಿ ಡುಬ್ಬುಬೆನ್ನಿನ ಮಹಶೀರ್ ಹೆಸರಾದದ್ದು. ದಡದ ಜನರು ಅದನ್ನು ಬಿಳಿಮೀನೆನ್ನುವರು. ಕಾವೇರಿಯನ್ನೂ ಅದರ ಉಪನದಿಗಳನ್ನೂ ಬಿಟ್ಟು ಭೂಮಿಯಲ್ಲಿ ಬೇರೆಲ್ಲಿಯೂ ಅದಿಲ್ಲ. 1946ರಲ್ಲಿ ಕಪಿಲೆಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡು ತೂಗಿತೆಂದು ದಾಖಲೆಯುಂಟು. ಇಷ್ಟು ಪ್ರಸಿದ್ಧವಾಗಿದ್ದರೂ ಅದು ಯಾವ ಜಾತಿಯದೆಂದು ಶಾಸ್ತ್ರಜ್ಞರು ನಿಶ್ಚಯಿಸಿದ್ದು 2018ರಲ್ಲಿ. ತೀರ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಗುರುತು ಸಿಕ್ಕಿದೊಡನೆಯೇ ಬೀಳ್ಕೊಡುವ ಮಾತು!

ಮಹಶೀರ್ ಮೀನುಗಳಿಗೆ ಮುಂಗಾರಿನ ಪ್ರವಾಹವೇ ಪಂಚಾಂಗ. ಹೊಸ ನೀರು ಬಂದಾಗ ಅವು ಪ್ರವಾಹಕ್ಕೆದುರಾಗಿ ಈಜಿ, ಗರಸುಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುತ್ತವೆ. ಅಣೆಕಟ್ಟು ದಾರಿಯನ್ನು ಅಡ್ಡಗಟ್ಟುವುದಷ್ಟೇ ಅಲ್ಲ, ಕಾಲದ ಸೂಚನೆಯನ್ನೇ ಅಳಿಸುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತಿಗಾಗಿ ನೀರು ತಿರುಗಿತು; 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು; 1934ರಲ್ಲಿ ಮೆಟ್ಟೂರಿನ ಕಟ್ಟೆ ಮುಗಿಯಿತು. ಬೇಸಿಗೆಯಲ್ಲಿ ಹರಿವು ಕ್ಷೀಣಿಸಿದರೆ ಮೀನುಗಳು ಮಡುಗಳಲ್ಲಿ ಸಿಕ್ಕಿಕೊಳ್ಳುವುವು. ನೀರು ಕಾದು ಪ್ರಾಣವಾಯು ಕಡಮೆಯಾಗುವುದು. ಸಿಡಿಮದ್ದು ಹಾಕುವವನಿಗೆ ಆಗ ಶ್ರಮವೇ ಇಲ್ಲ. ಎಲ್ಲ ದೋಷವನ್ನೂ ಕಟ್ಟೆಗಳ ಮೇಲೆ ಹೊರಿಸುವುದು ನ್ಯಾಯವಾಗದು. ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ ಮರಿಮಾಡಿ ಬಿಟ್ಟ ನೀಲಿರೆಕ್ಕೆಯ ಮಹಶೀರ್ ಸಹ ಮೂಲನಿವಾಸಿಯ ಸ್ಥಳವನ್ನು ಆಕ್ರಮಿಸಿತು.

2007ರ ನ್ಯಾಯಮಂಡಲಿಯ ತೀರ್ಪಿನಲ್ಲಿ ಕಾವೇರಿಯ ನೀರನ್ನು 740 ಟಿ.ಎಂ.ಸಿ. ಎಂದು ಲೆಕ್ಕ ಹಾಕಿ, ಪರಿಸರ ರಕ್ಷಣೆಗೆಂದು 10ನ್ನು ಇರಿಸಲಾಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳ ಪಾಲನ್ನು ಬದಲಿಸಿದರೂ ಈ ಹತ್ತನ್ನು ಹಾಗೆಯೇ ಉಳಿಸಿತು. ಬಾಯಿಲ್ಲದವರ ಹೆಸರಿನಲ್ಲಿ ಒಂದು ಅಂಕಿ ಬರೆಯಲ್ಪಟ್ಟುದೇ ದೊಡ್ಡ ಸಂಗತಿ. ಆದರೆ ಮೀನು ಅಂಕಿಯನ್ನು ಕುಡಿದು ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಆಷಾಢದಲ್ಲಿ ಆಷಾಢದ ಹರಿವು, ಚೈತ್ರದಲ್ಲಿ ಚೈತ್ರದ ಹರಿವು. ಹಸಿದ ಕೂಸಿಗೆ ವರ್ಷದ ಹಾಲನ್ನು ಒಂದೇ ದಿನ ಅಳೆದು ಕೊಟ್ಟರೆ ಲೆಕ್ಕವೇನೋ ಸರಿಹೋದೀತು.

ಮಂಡ್ಯದ ರೈತನೂ ತಂಜಾವೂರಿನ ರೈತನೂ ಪೈರು ಒಣಗುವುದನ್ನು ನೋಡುತ್ತ ನಿಂತಿರುವಾಗ ಮೀನಿನ ಮಾತೆತ್ತುವುದು ನಿರ್ದಯೆಯಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ಮಕ್ಕಳಿಗೆ ಅನ್ನ ಹುಟ್ಟಿಸುವವನನ್ನು ಧರ್ಮವು ಹಿಂದಿಡಲಾರದು. ಆದರೆ ಎರಡು ನಷ್ಟಗಳೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಒಂದು ವರ್ಷದ ಬೆಳೆ ಹೋದರೆ ಪರಿಹಾರ ಕೊಡಬಹುದು, ಸಾಲ ಮನ್ನಾ ಮಾಡಬಹುದು, ಕಡಮೆ ನೀರಿನ ಪೈರನ್ನು ಹಾಕಬಹುದು. ಒಂದು ಜಾತಿಯೇ ಹೋದರೆ ಪರಿಹಾರ ಪಡೆಯುವವರು ಯಾರು? ನೀರಿಲ್ಲದ ವರ್ಷದ ಸಂಕಟವನ್ನು ಎಲ್ಲರೂ ಹಂಚಿಕೊಳ್ಳಬೇಕೆನ್ನುವುದು ಒಂದು ಮಾತು. ಎಲ್ಲ ವರ್ಷಗಳಲ್ಲಿಯೂ ಒಬ್ಬನೇ ಕೊರತೆಯನ್ನು ತುಂಬಬೇಕೆನ್ನುವುದು ಬೇರೊಂದು ಮಾತು.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಲ್ಲಿ ನಿಂತು ಮೀನುಗಳಿಗೆ ಪುರಿ ಹಾಕಿ ಸಂತೋಷಪಡುತ್ತಾರೆ. ಅಲ್ಲಿ ಮೀನು ಹಿಡಿಯುವುದನ್ನು ಯಾರೂ ಸಹಿಸರು. ಕಾವೇರಿಯ ಡುಬ್ಬುಬೆನ್ನಿನ ಮೀನು ಈಗ ಮುಖ್ಯವಾಗಿ ಉಳಿದಿರುವುದು ಭವಾನಿಯನ್ನು ಸೇರುವ ಮೋಯಾರ್ ಹೊಳೆಯ ಕಾಡುಕಣಿವೆಯಲ್ಲಿ. ಅಲ್ಲಿ ಮೆಟ್ಟಿಲುಗಳಿಲ್ಲ, ಯಾತ್ರಿಕರೂ ಇಲ್ಲ. ಮೇಲುಗಡೆ ವಿದ್ಯುತ್ತಿನ ಕಟ್ಟೆಗಳು ಮಾತ್ರ ಇವೆ.