ಹೊಲ ಬಿಟ್ಟವರಿಗಾಗಿ

ಒಡೆಯನೇ, ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಊರಿನ ಸುತ್ತಮುತ್ತ ಹೊಲ ಮಾಡುತ್ತಿದ್ದವರನ್ನು ನೆನೆದು ನಿನ್ನ ಮುಂದೆ ಕೈಮುಗಿದಿದ್ದೇನೆ. ಅಜ್ಜನ ಕಾಲದಿಂದ ಮೆಕ್ಕೆಜೋಳ ಬೆಳೆದು, ಹಂದಿ ಸಾಕಿ ಬದುಕಿದವರು. ಕೊನೆಗೆ ಕಾರ್ಖಾನೆಯ ಪಾಳಿಗೆ ನಿಂತವರು. ನಡುವೆ ಏನಾಯಿತೆಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಹಿರಿಯರು ಇವತ್ತಿಗೂ ಮಾತು ಮರೆಸುತ್ತಾರೆ. ಆ ನಾಚಿಕೆಯನ್ನು ಅವರಿಂದ ತೆಗೆದುಬಿಡು ಎಂಬುದೇ ನನ್ನ ಬೇಡಿಕೆ.

ಆ ನೆಲ ಮೊದಲಿಂದ ಅವರದಾಗಿರಲಿಲ್ಲ, ಅದನ್ನೂ ಮುಚ್ಚಿಡಲಾರೆ. 1842ರ ಒಪ್ಪಂದದಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನ ಅದನ್ನು ಬಿಟ್ಟು ಹೊರಡಬೇಕಾಯಿತು. ತಮ್ಮದೇ ಸೀಮೆಗೆ ಮರಳಲು ಮೆಸ್ಕ್ವಾಕಿಗಳು 1857ರಲ್ಲಿ 80 ಎಕರೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಹೊಲ ಹೋಯಿತೆಂಬ ಅಳುವನ್ನು ಕೇಳುವಾಗ, ಅವರಿಗಿಂತ ಮೊದಲು ಅತ್ತವರನ್ನೂ ನೀನು ಕೇಳಿಸಿಕೊಳ್ಳಬೇಕು.

ಈಗ ಸಾಲದ ಲೆಕ್ಕ. 1970ರ ದಶಕದಲ್ಲಿ ಸೋವಿಯತ್ ದೇಶಕ್ಕೆ ಧಾನ್ಯ ಹೋಗುತ್ತಿತ್ತು, ದರ ಏರಿತ್ತು. ಬೇಲಿಯಂಚಿನವರೆಗೂ ಬಿತ್ತಿರಿ ಎಂದು ಕೃಷಿ ಮಂತ್ರಿ ಅರ್ಲ್ ಬಟ್ಜ್ ಹುರಿದುಂಬಿಸಿದರು. ನೆಲದ ಬೆಲೆ ವರ್ಷ ವರ್ಷ ಏರುತ್ತಿದ್ದುದರಿಂದ ಬ್ಯಾಂಕುಗಳೂ ಧಾರಾಳವಾಗಿ ಸಾಲ ಕೊಟ್ಟವು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಸೋವಿಯತ್ ದೇಶಕ್ಕೆ ಧಾನ್ಯ ಮಾರುವುದಕ್ಕೆ ತಡೆ ಹಾಕಿದರು. ಹಣದುಬ್ಬರ ಇಳಿಸಲು ಕೇಂದ್ರ ಬ್ಯಾಂಕು ಹಿಡಿದ ಪಟ್ಟಿನಿಂದ ಅದೇ ಡಿಸೆಂಬರಿನಲ್ಲಿ ಬ್ಯಾಂಕುಗಳ ಮೂಲ ಬಡ್ಡಿ ದರ ಶೇಕಡಾ 21.5ಕ್ಕೆ ಮುಟ್ಟಿತು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ನೆಲ 1986ಕ್ಕೆ 787 ಡಾಲರಿಗೆ ಕುಸಿಯಿತು. ಅಡವಿಟ್ಟ ನೆಲ ಕರಗಿತು, ಸಾಲ ಕರಗಲಿಲ್ಲ. ಇದರಲ್ಲಿ ಉತ್ತವನ ತಪ್ಪೆಷ್ಟು, ತಂದೆ?

ಹರಾಜಿನ ದಿನಗಳನ್ನು ನೀನು ನೋಡಿದ್ದೀಯ. ಹುಲ್ಲು ಹೇರುವ ಗಾಡಿಯ ಮೇಲೆ ಸಣ್ಣಪುಟ್ಟ ಸಾಮಾನೆಲ್ಲ ಹರಡಿರುತ್ತಿತ್ತು: ಸ್ಪ್ಯಾನರು, ಸರಪಳಿ, ಬೋಲ್ಟು ತುಂಬಿದ ಬಕೆಟ್ಟು. ಮೊದಲು ಅವು ಬಿಕರಿಯಾಗಬೇಕು, ಟ್ರಾಕ್ಟರಿನ ಸರದಿ ಆಮೇಲೆ. ಕೂಗುವವರು ಅಕ್ಕಪಕ್ಕದ ಹೊಲದವರೇ. ತಂದೆಯ ಕೈಯಲ್ಲಿ ಸವೆದು ನುಣುಪಾದ ಹಿಡಿಯ ಸುತ್ತಿಗೆ ಕಣ್ಣೆದುರೇ ಪರರ ಪಾಲಾಗುವಾಗ ಮನೆಯೊಡೆಯ ಅಂಗಳದಲ್ಲೇ ನಿಂತಿರಬೇಕು. ಜಫ್ತಿಯಾದ ಹೊಲಗಳ ಹೆಸರಿನಲ್ಲಿ ನ್ಯಾಯಾಲಯದ ಮುಂದಿನ ಹುಲ್ಲುಹಾಸಿನ ಮೇಲೆ ಜನ ಬಿಳಿ ಶಿಲುಬೆ ನೆಟ್ಟರು.

ನ್ಯೂಟನ್ನಿನಲ್ಲಿ ಮೇಟ್ಯಾಗ್ ಕಾರ್ಖಾನೆಯಿತ್ತು. 1893ರಲ್ಲಿ ಅದು ಶುರುವಾದದ್ದೇ ಒಕ್ಕಣೆ ಯಂತ್ರದ ಭಾಗಗಳನ್ನು ಮಾಡಲು. ಬಟ್ಟೆ ಒಗೆಯುವ ಯಂತ್ರ ಬಂದದ್ದು 1907ರಲ್ಲಿ. ಹೊಲ ಕಳೆದುಕೊಂಡವರೂ, ಹೊಲ ಉಳಿಸಿಕೊಳ್ಳಲೆಂದೇ ರಾತ್ರಿ ಪಾಳಿಗೆ ಬಂದವರೂ ಅಲ್ಲಿ ದುಡಿದರು. ಮಳೆ ನೋಡಿ ಕೆಲಸ ಹೂಡುತ್ತಿದ್ದ ಕೈ ಹಾಜರಿ ಗಡಿಯಾರಕ್ಕೆ ಕಾರ್ಡು ಒತ್ತಿ ಒಳಗೆ ಹೋಯಿತು. ಆ ದುಡಿಮೆಯನ್ನು ಕೀಳೆಂದು ನಾನು ಒಪ್ಪುವುದಿಲ್ಲ. ಮಕ್ಕಳ ಓದು, ಮನೆಯ ಔಷಧಿ, ಮುಪ್ಪಿನ ಪಿಂಚಣಿ ಎಲ್ಲ ಆ ಸಂಬಳದಿಂದಲೇ ಬಂತು. 2006ರಲ್ಲಿ ವರ್ಲ್‌ಪೂಲ್ ಆ ಕಂಪನಿಯನ್ನು ಕೊಂಡಿತು. 2007ರ ಅಕ್ಟೋಬರಿನಲ್ಲಿ ನ್ಯೂಟನ್ನಿನ ಕಾರ್ಖಾನೆಗೆ ಬೀಗ ಬಿತ್ತು. ಕೆಲವು ಮನೆಗಳಿಗೆ ಇದು ಒಂದೇ ತಲೆಮಾರಿನಲ್ಲಿ ಎರಡನೆಯ ಪೆಟ್ಟು.

ನೆಲ ಮರಳಿ ಕೊಡೆಂದು ನಾನು ಕೇಳುತ್ತಿಲ್ಲ. ಅಪ್ಪ ಕೈಲಾಗದವನಾಗಿದ್ದ ಎಂದು ಒಳಗೊಳಗೇ ನಂಬಿ ಬೆಳೆದ ಮಕ್ಕಳಿಗೆ ಕೇಳುವ ಬಾಯಿ ಕೊಡು, ಹಿರಿಯರಿಗೆ ಉತ್ತರಿಸುವ ಎದೆ ಕೊಡು. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಹರಾಜಿನ ಚೀಟಿ ಇದ್ದರೆ ಅವರು ಅದನ್ನು ಹೊರತೆಗೆಯಲಿ. ಕಳೆದುಹೋದ ಎಕರೆಯ ಪಕ್ಕದಲ್ಲಿ ಆ ವರ್ಷದ ಬಡ್ಡಿಯ ದರವನ್ನೂ ಬರೆದಿಡಲಿ.